ದೊಡ್ಡ ಫೋರ್ ವೀಲ್ ಡ್ರೈವ್ ಗಾಡಿಯನ್ನು ಕಠಿಣ ಆಫ್‌ರೋಡ್ ದಾರಿಗೆ ಇಳಿಸುವ ಮುನ್ನ, ಇಳಿಸಿದ ಮೇಲೆ

ಮೂರು ಟನ್ ಹತ್ತಿರ ತೂಗುವ ಗಾಡಿ ಕಚ್ಚಾದಾರಿಯಲ್ಲಿ ನಿಂತುಹೋಗುವುದು ಇಂಜಿನ್ನಿಗೆ ತಾಕತ್ತು ಸಾಲದೆ ಅಲ್ಲ. ತಾಕತ್ತು ಬೇಕಾದಷ್ಟಿರುತ್ತದೆ. ಒಂದೋ ಚಕ್ರಕ್ಕೆ ನೆಲದ ಹಿಡಿತ ತಪ್ಪಿರುತ್ತದೆ, ಇಲ್ಲವೇ ಗಾಡಿಯ ಹೊಟ್ಟೆ ಎಲ್ಲೋ ಕೂತುಬಿಟ್ಟಿರುತ್ತದೆ. ಎರಡರ ಹಿಂದೆಯೂ ಇರುವುದು ತೂಕ. ಸಣ್ಣ ಗಾಡಿಯನ್ನು ನಾಲ್ಕು ಜನ ಸೇರಿ ತಳ್ಳಿ ಪಾರಾಗಬಹುದು; ದೊಡ್ಡ ಗಾಡಿಗೆ ಆ ಸೌಲಭ್ಯವಿಲ್ಲ. ಆದ್ದರಿಂದ ಪ್ರತಿ ಅಡ್ಡಿಯ ಮುಂದೆಯೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈಗ ತೂಕ ಯಾವ ಚಕ್ರದ ಮೇಲಿದೆ, ಇನ್ನೊಂದು ಮೀಟರ್ ಮುಂದೆ ಹೋದರೆ ಯಾವುದರ ಮೇಲೆ ಬೀಳುತ್ತದೆ? ಕೆಳಗಿನ ಎಲ್ಲವೂ ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸವೇ.

ಮೊದಲು ಟೇಪು ಹಿಡಿದು ಗಾಡಿ ಅಳೆಯಿರಿ

ಗಾಡಿಯ ಕೈಪಿಡಿಯಲ್ಲಿ ಗ್ರೌಂಡ್ ಕ್ಲಿಯರೆನ್ಸ್ ಅಂತ ಒಂದು ಅಂಕಿ ಇರುತ್ತದೆ. ಅದು ಹೆಚ್ಚಾಗಿ ಖಾಲಿ ಗಾಡಿಯದ್ದು. ಸಾಮಾನು ತುಂಬಿ, ಟ್ಯಾಂಕ್ ಭರ್ತಿ ಮಾಡಿ, ಜನ ಕೂತ ಮೇಲೆ ನೀವೇ ಮಲಗಿ ಅಳೆಯಿರಿ. ಮುಂದಿನ ಬಂಪರಿನ ಕೆಳಗಿನ ಅಂಚು, ಎರಡೂ ಡಿಫರೆನ್ಷಿಯಲ್ (ಎಡ ಬಲ ಚಕ್ರಗಳಿಗೆ ಬಲ ಹಂಚುವ ಗೇರು) ಹೌಸಿಂಗ್, ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಆಕ್ಸಲ್ಲಿಗೆ ಬಲ ಹಂಚುವ ಪೆಟ್ಟಿಗೆಯ) ಅಡಿ, ಸೈಲೆನ್ಸರ್ ಪೈಪು, ಡೀಸೆಲ್ ಟ್ಯಾಂಕು, ಹಿಂದಿನ ಟೋ ಹಿಚ್ ಇವುಗಳಲ್ಲಿ ಯಾವುದು ಎಷ್ಟು ಎತ್ತರದಲ್ಲಿದೆ, ಎಡಕ್ಕಿದೆಯೋ ಬಲಕ್ಕಿದೆಯೋ ನೋಡಿಟ್ಟುಕೊಳ್ಳಿ. ಡಿಫರೆನ್ಷಿಯಲ್ ಹೌಸಿಂಗ್ ಎಷ್ಟೋ ಗಾಡಿಗಳಲ್ಲಿ ನಟ್ಟನಡುವೆ ಇರುವುದಿಲ್ಲ, ಒಂದು ಬದಿಗೆ ಸರಿದಿರುತ್ತದೆ. ಬಂಡೆಯನ್ನು ಯಾವ ಬದಿಗೆ ಬಿಟ್ಟು ದಾಟಬೇಕು ಎಂಬ ತೀರ್ಮಾನ ಇದೊಂದರ ಮೇಲೆ ನಿಂತಿರುತ್ತದೆ.

ಉದ್ದದ ಗಾಡಿಗೆ ನಿಜವಾದ ಶತ್ರು ಹೊಟ್ಟೆ ತಾಗುವುದು. ಲೆಕ್ಕ ಹಾಕಿ ನೋಡಿ. ಎರಡು ಆಕ್ಸಲ್‌ಗಳ ನಡುವಿನ ಅಂತರ 2250 ಮಿ.ಮೀ. ಇರುವ ಮೂರು ಬಾಗಿಲಿನ ಜಿಮ್ನಿಯಂಥ ಗಾಡಿಯ ಹೊಟ್ಟೆ ನೆಲದಿಂದ 220 ಮಿ.ಮೀ. ಮೇಲಿದ್ದರೆ ಅದು ಸುಮಾರು 22 ಡಿಗ್ರಿಯ ದಿಬ್ಬದ ನೆತ್ತಿಯನ್ನು ತಾಗದೆ ದಾಟುತ್ತದೆ. ಅದೇ ಎತ್ತರದ ಹೊಟ್ಟೆ, ಆದರೆ ಅಂತರ ಲ್ಯಾಂಡ್ ಕ್ರೂಸರ್ 200ರ ಹಾಗೆ 2850 ಮಿ.ಮೀ. ಆದರೆ 17.5 ಡಿಗ್ರಿಗೇ ಮುಗಿಯಿತು. ವೈ62 ಪ್ಯಾಟ್ರೋಲ್‌ನ 3075 ಮಿ.ಮೀ.ಗೆ ಹೋದರೆ 16. (ಪ್ಯಾಟ್ರೋಲ್ ಅನ್ನುವುದು ನಿಸಾನ್ ಗಾಡಿಯ ಹೆಸರು.) ಅಂದರೆ ಗಿಡ್ಡ ಗಾಡಿ ನಿಮ್ಮ ಮುಂದೆ ಸರಾಗವಾಗಿ ದಾಟಿಹೋದ ದಿಬ್ಬದ ಮೇಲೆ ನೀವು ತಕ್ಕಡಿಯ ಹಾಗೆ ತೂಗಾಡುತ್ತ ನಿಲ್ಲಬಹುದು. ಅವರ ಜಾಡು ಹಿಡಿದು ಹೋಗುವುದು ದೊಡ್ಡ ಗಾಡಿಯವರು ಮಾಡುವ ಮೊದಲ ತಪ್ಪು.

ಎರಡನೆಯದು ತಿರುವಿನದ್ದು. ಸ್ಟಿಯರಿಂಗ್ ಪೂರ್ತಿ ಕಟ್ ಮಾಡಿದಾಗ ಹಿಂದಿನ ಚಕ್ರ ಮುಂದಿನದ್ದರ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಸರಿಯುತ್ತದೆ. 2850 ಮಿ.ಮೀ. ಅಂತರದ ಗಾಡಿ 6 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಹಿಂದಿನ ಚಕ್ರ ಸುಮಾರು 70 ಸೆಂ.ಮೀ. ಒಳಗೆ ಓಡುತ್ತದೆ. ಮುಂದಿನ ಚಕ್ರ ಬಂಡೆಯನ್ನು ತಪ್ಪಿಸಿತು ಅಂತ ನಿರಾಳವಾಗುವಷ್ಟರಲ್ಲಿ ಬಾಗಿಲ ಕೆಳಗಿನ ತಗಡು ಅದೇ ಬಂಡೆಗೆ ಒರಗಿರುತ್ತದೆ.

ತೂಕವನ್ನು ಕೆಳಗೆ, ನಡುವೆ, ಬಿಗಿಯಾಗಿ

ಭಾರದ ಸಾಮಾನು ಹಿಂದಿನ ಸೀಟಿನ ಬೆನ್ನಿಗೆ ಒತ್ತಿ, ನೆಲಮಟ್ಟದಲ್ಲಿ, ಆದಷ್ಟೂ ಹಿಂದಿನ ಆಕ್ಸಲ್‌ಗಿಂತ ಮುಂದಿರಬೇಕು. ನೀರು ಲೀಟರಿಗೆ ಒಂದು ಕೆ.ಜಿ.; 40 ಲೀಟರ್ ನೀರಿನ ಕ್ಯಾನನ್ನು ಚಾವಣಿಗೆ ಏರಿಸಿದರೆ ನೆತ್ತಿಯ ಮೇಲೆ ಹನ್ನೆರಡು ವರ್ಷದ ಹುಡುಗನನ್ನು ಕೂರಿಸಿಕೊಂಡು ಅಡ್ಡ ಇಳಿಜಾರಿನಲ್ಲಿ ನಡೆದ ಹಾಗೆ. ಚಾವಣಿಯ ರ‍್ಯಾಕಿಗೆ ಹೇಳಿರುವ ಮಿತಿ ಟಾರು ರಸ್ತೆಗೆ. ಕಚ್ಚಾದಾರಿಯಲ್ಲಿ ಅದರ ಮೂರನೇ ಎರಡು ಭಾಗಕ್ಕೆ ನಿಲ್ಲಿಸಿ. ಮೇಲಿರಬೇಕಾದದ್ದು ಟೆಂಟು, ಹಾಸಿಗೆ, (ಹೂತ ಚಕ್ರದಡಿ ಇಡುವ) ರಿಕವರಿ ಹಲಗೆಗಳಂಥ ಹಗುರದವು. ಒಳಗಿರುವ ಪ್ರತಿಯೊಂದನ್ನೂ ರ‍್ಯಾಚೆಟ್ ಬೆಲ್ಟಿನಿಂದ ಬಿಗಿಯಿರಿ. ಕಡಿದಾದ ಇಳಿಜಾರಿನಲ್ಲಿ ಜಾರಿಬಂದ ಟೂಲ್ ಬಾಕ್ಸು ಡ್ರೈವರನ ತಲೆಗೇ ಬರುತ್ತದೆ.

ಡೀಸೆಲ್ ಲೆಕ್ಕ ಕಿಲೋಮೀಟರಿನಲ್ಲಿ ಹಾಕಬೇಡಿ. ಲೋ ರೇಂಜಿನಲ್ಲಿ (ಬಲ ಹೆಚ್ಚಿಸಿ ವೇಗ ತಗ್ಗಿಸುವ ಗೇರಿನ ಜೋಡಣೆಯಲ್ಲಿ) ಗಂಟೆಗೆ 4–6 ಕಿ.ಮೀ. ತೆವಳುವಾಗ ಅದೇ ದೂರಕ್ಕೆ ಹೆದ್ದಾರಿಯ ಎರಡು ಮೂರು ಪಟ್ಟು ಕುಡಿಯುತ್ತದೆ. ಕಷ್ಟದ ಭಾಗ 20 ಕಿ.ಮೀ. ಇದ್ದರೆ ಒಂದು ಪೂರ್ತಿ ಹಗಲು ಇಟ್ಟುಕೊಳ್ಳಿ.

ಎಳೆಯುವ ಸಾಮಾನು: ಇದರಲ್ಲಿ ಚೌಕಾಸಿ ಬೇಡ

ಮೊದಲು ಹುಕ್ಕು. ಚಾಸಿಗೆ ಬೋಲ್ಟ್ ಹಾಕಿ ಕೂರಿಸಿದ, ಎಷ್ಟು ಭಾರ ತಡೆಯುತ್ತದೆಂದು ಬರೆದಿರುವ ರಿಕವರಿ ಪಾಯಿಂಟ್ ಮುಂದೊಂದು, ಹಿಂದೊಂದು ಇರಲೇಬೇಕು. ಕಂಪನಿಯಿಂದ ಬರುವ ತೆಳ್ಳಗಿನ ಬಳೆಗಳು ಗಾಡಿಯನ್ನು ಹಡಗಿನಲ್ಲೋ ಲಾರಿಯಲ್ಲೋ ಕಟ್ಟಿಹಾಕಲು ಇರುವಂಥವು, ಎಳೆಯಲು ಅಲ್ಲ. ಟೋ ಬಾಲ್‌ಗೆ, ಅಂದರೆ ಟ್ರೈಲರ್ ಸಿಕ್ಕಿಸುವ ಚೆಂಡಿನಾಕಾರದ ಕೊಂಡಿಗೆ, ರಿಕವರಿ ಬೆಲ್ಟನ್ನು ಯಾವ ಕಾರಣಕ್ಕೂ ಹಾಕಬಾರದು. ಅದು ಮುರಿದು ಹಾರಿದರೆ ಎದುರಿನ ಗಾಡಿಯ ಗಾಜನ್ನು ತೂರಿ ಒಳಗೆ ಬರುತ್ತದೆ. ಹೀಗೆ ಜನ ಸತ್ತಿದ್ದಾರೆ.

3 ಟನ್ ಗಾಡಿಗೆ 8ರಿಂದ 9 ಟನ್ ತಡೆಯುವ ನೈಲಾನ್ ಕೈನೆಟಿಕ್ ಹಗ್ಗ ಅಥವಾ ಸ್ನ್ಯಾಚ್ ಬೆಲ್ಟ್ (ಎರಡೂ ಎಳೆದಾಗ ಹಿಗ್ಗುವಂಥವು), 4.75 ಟನ್ ಗುರುತಿನ ಎರಡು ಬೋ ಶ್ಯಾಕಲ್ (ಪಿನ್ನು ಹಾಕುವ ಉಕ್ಕಿನ ಕೊಂಡಿ) ಇಲ್ಲವೇ ಅಷ್ಟೇ ಸಾಮರ್ಥ್ಯದ, ಹಗ್ಗದಿಂದ ಮಾಡಿದ ಸಾಫ್ಟ್ ಶ್ಯಾಕಲ್, ಮರಕ್ಕೆ ಸುತ್ತುವ ಅಗಲ ಬೆಲ್ಟ್, ಎರಡು ಜೊತೆ ರಿಕವರಿ ಹಲಗೆ, ಉದ್ದ ಹಿಡಿಯ ಸಲಿಕೆ, ಒಳ್ಳೆಯ ಕಂಪ್ರೆಸರ್, ನಂಬಿಕೆಯ ಗಾಳಿ ಮೀಟರ್. ಜ್ಯಾಕಿನ ಅಡಿಗೆ ಇಡಲು ಒಂದಡಿ ಚೌಕದ ದಪ್ಪ ಹಲಗೆ ಮರೆಯುವವರೇ ಹೆಚ್ಚು. ಅದಿಲ್ಲದೆ ಕೆಸರಿನಲ್ಲಿ ಜ್ಯಾಕು ಗಾಡಿಯನ್ನು ಎತ್ತುವುದಿಲ್ಲ, ತಾನೇ ಇಳಿಯುತ್ತದೆ. ಎಳೆಯುವಾಗ ಹಿಗ್ಗುವ ಬೆಲ್ಟೂ ಹಿಗ್ಗದ ಪಾಲಿಯೆಸ್ಟರ್ ಬೆಲ್ಟೂ ನೋಡಲು ಒಂದೇ ಥರ. ಹಿಗ್ಗದ ಬೆಲ್ಟಿಗೆ ಜಗ್ಗು ಕೊಟ್ಟರೆ ಹುಕ್ಕು ಕಿತ್ತುಬರುತ್ತದೆ. ಎರಡನ್ನೂ ಬೇರೆ ಚೀಲಗಳಲ್ಲಿ ಇಡಿ.

ವಿಂಚು (ಡ್ರಮ್ಮಿಗೆ ಹಗ್ಗ ಸುತ್ತಿ ಗಾಡಿಯನ್ನು ಎಳೆಯುವ ಯಂತ್ರ) ಹಾಕಿಸುವುದಾದರೆ ಅದರ ಸಾಮರ್ಥ್ಯ ತುಂಬಿದ ಗಾಡಿಯ ತೂಕದ ಒಂದೂವರೆ ಪಟ್ಟು ಬೇಕು. 3.2 ಟನ್ನಿಗೆ ಕನಿಷ್ಠ 4.8 ಟನ್; ಅದಕ್ಕೆ ಸಾಲುವುದು 12,000 ಪೌಂಡಿನ, ಅಂದರೆ ಸುಮಾರು 5,440 ಕೆ.ಜಿ.ಯ ವಿಂಚು. ಆ ಅಂಕಿಯೂ ಡ್ರಮ್ಮಿನ ಮೊದಲ ಪದರಕ್ಕೆ ಮಾತ್ರ. ನಾಲ್ಕನೇ ಪದರ ತುಂಬುವ ಹೊತ್ತಿಗೆ ಎಳೆತ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಇಳಿದಿರುತ್ತದೆ. ಹಗ್ಗ ಉದ್ದಕ್ಕೆ ಬಿಚ್ಚಿದಷ್ಟೂ ವಿಂಚಿಗೆ ಬಲ ಬರುವುದು ಇದರಿಂದಲೇ.

ಗಾಳಿ ಇಳಿಸುವುದು: ಒಂದು ರೂಪಾಯಿ ಖರ್ಚಿಲ್ಲದ ಮಾರ್ಪಾಡು

ಲಕ್ಷಗಟ್ಟಲೆ ಸುರಿದು ಸಸ್ಪೆನ್ಷನ್ ಎತ್ತಿಸಿದವರೂ ಈ ಹತ್ತು ನಿಮಿಷದ ಕೆಲಸಕ್ಕೆ ಸೋಮಾರಿತನ ಮಾಡುತ್ತಾರೆ. 2800 ಕೆ.ಜಿ. ಗಾಡಿಯ ಒಂದು ಚಕ್ರದ ಮೇಲೆ 700 ಕೆ.ಜಿ. ಬೀಳುತ್ತದೆ ಅನ್ನಿ. 35 ಪಿಎಸ್‌ಐ ಗಾಳಿಯಲ್ಲಿ ಆ ಭಾರ ಹೊರಲು ಬೇಕಾದ ನೆಲದ ಜಾಗ ಸುಮಾರು 285 ಚದರ ಸೆಂ.ಮೀ. 18ಕ್ಕೆ ಇಳಿಸಿದರೆ ಅದು 550ಕ್ಕೆ ಏರುತ್ತದೆ. ಪಕ್ಕದ ಗೋಡೆಯ ಬಿಗುವೂ ಒಂದಿಷ್ಟು ಭಾರ ಹೊರುವುದರಿಂದ ನಿಜದಲ್ಲಿ ಪೂರ್ತಿ ದುಪ್ಪಟ್ಟಾಗದು, ಆದರೆ ದಿಕ್ಕು ಅದೇ. ಟೈರು ಅಗಲಕ್ಕಿಂತ ಹೆಚ್ಚಾಗಿ ಉದ್ದಕ್ಕೆ ಹರಡಿಕೊಳ್ಳುತ್ತದೆ, ಟ್ಯಾಂಕಿನ ಪಟ್ಟಿಯ ಹಾಗೆ. ಚೂಪುಗಲ್ಲು ಬಂದರೆ ಬಿಗಿಯಾದ ಟೈರು ಅದಕ್ಕೆ ಅಪ್ಪಳಿಸುತ್ತದೆ, ಸಡಿಲವಾದದ್ದು ಅದನ್ನು ನುಂಗಿಕೊಳ್ಳುತ್ತದೆ.

ದೊಡ್ಡ ಗಾಡಿಗೆ ಶುರು ಮಾಡಲು ಈ ಅಂಕಿಗಳು ಸಾಕು: ಜಲ್ಲಿ, ಗಟ್ಟಿ ಮಣ್ಣಿನ ದಾರಿಗೆ 26–28, ಬಂಡೆಗೆ 18–22, ಕೆಸರಿಗೆ 20ರ ಆಸುಪಾಸು, ಮೆತ್ತನೆ ಮರಳಿಗೆ 15–18. ತಣ್ಣಗಿರುವ ಟೈರಿನಲ್ಲಿ ಅಳೆಯಿರಿ. ಓಡಿ ಬಿಸಿಯಾದ ಟೈರು 4–5 ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಹಿಂದೆ ಭಾರ ಜಾಸ್ತಿ ಇದ್ದರೆ ಹಿಂದಿನವಕ್ಕೆ 2–3 ಪಿಎಸ್‌ಐ ಹೆಚ್ಚಿಗೆ ಬಿಡಿ. 15ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರಿನ ಅಂಚು ರಿಮ್ಮಿನಿಂದ ಕಳಚುವ ಭಯ. ಬೀಡ್‌ಲಾಕ್ (ಟೈರಿನ ಅಂಚನ್ನು ಬಿಗಿಹಿಡಿಯುವ) ರಿಮ್ಮಿಲ್ಲದವರು ಅಲ್ಲಿಗೆ ಹೋಗುವುದು ಸಿಕ್ಕಿಬಿದ್ದ ಮೇಲಷ್ಟೇ. 20ಕ್ಕಿಂತ ಕಡಿಮೆ ಗಾಳಿಯಲ್ಲಿ ಗಂಟೆಗೆ 30–40 ಕಿ.ಮೀ. ದಾಟಬೇಡಿ. ಪಕ್ಕದ ಗೋಡೆ ಮಡಚಿ ಬಿಚ್ಚಿ ಒಳಗೊಳಗೇ ಸುಟ್ಟುಕೊಳ್ಳುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಗೇರು ಮತ್ತು ಲಾಕು

ಅಡ್ಡಿಗೆ ಬರುವ ಮುಂಚೆ, ಸಮತಟ್ಟಿನಲ್ಲಿ ನಿಂತು, ನ್ಯೂಟ್ರಲ್ ಮಾಡಿ ಲೋ ರೇಂಜಿಗೆ ಹಾಕಿ. ಟ್ರಾನ್ಸ್‌ಫರ್ ಕೇಸಿನ ಅನುಪಾತ 2.5 ಇದ್ದರೆ ಚಕ್ರಕ್ಕೆ ಎರಡೂವರೆ ಪಟ್ಟು ಬಲ, ಅಷ್ಟೇ ಪಟ್ಟು ನಿಧಾನ. ಲೋ ರೇಂಜ್ ಅಂದರೆ ಬರೀ ಬಲ ಅಂದುಕೊಳ್ಳುತ್ತಾರೆ. ಅದಕ್ಕಿಂತ ಬೆಲೆಬಾಳುವುದು ಆ ನಿಧಾನ. ಆಟೊಮ್ಯಾಟಿಕ್ ಗಾಡಿಯಲ್ಲಿ ಗೇರ್‌ಬಾಕ್ಸ್ ಎಣ್ಣೆ ಕಾಯದಂತೆ ನೋಡಿಕೊಳ್ಳುವುದೂ ಇದೇ. ಹೈ ರೇಂಜಿನಲ್ಲಿ ಏರು ಏರಿಸಿ, ಎಣ್ಣೆಯ ಬಿಸಿ 120 ಡಿಗ್ರಿ ಸೆಲ್ಸಿಯಸ್ ದಾಟಿಸಿ, ಆಮೇಲೆ ಗೇರ್‌ಬಾಕ್ಸನ್ನು ಬೈಯುವವರಿದ್ದಾರೆ.

ಸಾದಾ ಡಿಫರೆನ್ಷಿಯಲ್ ಎರಡೂ ಬದಿಗೆ ಸಮ ಬಲ ಕೊಡುತ್ತದೆ. ಒಂದು ಚಕ್ರ ಗಾಳಿಯಲ್ಲಿದ್ದರೆ ಅದನ್ನು ತಿರುಗಿಸಲು ಬೇಕಾದ ಬಲ ಸೊನ್ನೆಯ ಹತ್ತಿರ, ಹಾಗಾಗಿ ನೆಲದಲ್ಲಿರುವ ಚಕ್ರಕ್ಕೂ ಸೊನ್ನೆಯೇ ದಕ್ಕುತ್ತದೆ. ಲಾಕು ಇವೆರಡನ್ನೂ ಒಂದೇ ಸರಳಿಗೆ ಬೆಸೆದ ಹಾಗೆ ಮಾಡುತ್ತದೆ. ಮೊದಲು ಸೆಂಟರ್ ಲಾಕು (ಮುಂದಿನ, ಹಿಂದಿನ ಆಕ್ಸಲ್ಲುಗಳ ನಡುವಿನದು), ಆಮೇಲೆ ಹಿಂದಿನದು, ಕೊನೆಗೆ, ಬೇಕೇಬೇಕಾದರೆ, ಮುಂದಿನದು. ಮುಂದಿನದನ್ನು ಹಾಕಿದ ಮೇಲೆ ಸ್ಟಿಯರಿಂಗ್ ಕಲ್ಲಾಗುತ್ತದೆ. ಪೂರ್ತಿ ತಿರುಗಿಸಿ ಬಲ ಕೊಟ್ಟರೆ ಮುಂದಿನ ಆಕ್ಸಲ್ ಜಾಯಿಂಟ್ ಮುರಿಯುವುದು ಹೀಗೆಯೇ. ಲಾಕು ಹಾಕುವುದು ಚಕ್ರ ಗಿರಗಿರ ಸುತ್ತುವುದಕ್ಕೆ ಮೊದಲು. ಸುತ್ತುತ್ತಿರುವಾಗ ಹಾಕಿದರೆ ಹಲ್ಲು ಮುರಿಯುತ್ತದೆ.

ಲಾಕಿಲ್ಲದೆ ಟ್ರ್ಯಾಕ್ಷನ್ ಕಂಟ್ರೋಲ್ ಮಾತ್ರ ಇರುವ ಗಾಡಿಯ ಚಾಲಕರು ಮಾಡುವ ತಪ್ಪೊಂದಿದೆ. ಚಕ್ರ ಜಾರಿತು, ಬ್ರೇಕಿನಿಂದ ಗರಗರ ಸದ್ದು ಬಂತು, ತಕ್ಷಣ ಕಾಲು ತೆಗೆದುಬಿಡುತ್ತಾರೆ. ಆ ಸದ್ದೇ ವ್ಯವಸ್ಥೆ ಕೆಲಸ ಮಾಡುತ್ತಿರುವ ಗುರುತು. ಆಕ್ಸಿಲರೇಟರನ್ನು ಅಲ್ಲಾಡಿಸದೆ ಒಂದೆರಡು ಸೆಕೆಂಡು ಹಾಗೇ ಹಿಡಿಯಿರಿ, ಸುತ್ತುವ ಚಕ್ರಕ್ಕೆ ಬ್ರೇಕು ಬಿದ್ದು ಬಲ ಆಚೆ ಬದಿಗೆ ಹೋಗುತ್ತದೆ.

ಇಳಿದು ನಡೆಯಿರಿ, ದಾರಿ ತೋರಿಸುವವರು ಒಬ್ಬರೇ ಇರಲಿ

ಕಣ್ಣಿಗೆ ಪೂರ್ತಿ ಕಾಣದ ಯಾವ ಜಾಗಕ್ಕೂ ಗಾಡಿ ಬಿಡಬೇಡಿ. ಇಳಿದು ಆಚೆ ಕೊನೆಯವರೆಗೆ ನಡೆದು ಬನ್ನಿ, ನಾಲ್ಕೂ ಚಕ್ರ ಎಲ್ಲೆಲ್ಲಿ ಬೀಳಬೇಕು ಅಂತ ನೆಲದಲ್ಲಿ ಗುರುತು ಮಾಡಿಕೊಳ್ಳಿ. ದೊಡ್ಡ ಗಾಡಿಯ ಬಾನೆಟ್ಟಿನ ಮುಂದೆ ಮೂರ್ನಾಲ್ಕು ಮೀಟರ್ ನೆಲ ಸೀಟಿನಿಂದ ಕಾಣುವುದೇ ಇಲ್ಲ. ಅಲ್ಲಿ ನಿಮ್ಮ ಕಣ್ಣು ಸ್ಪಾಟರ್, ಅಂದರೆ ಹೊರಗೆ ನಿಂತು ದಾರಿ ತೋರಿಸುವವರು.

ಸ್ಪಾಟರ್ ಒಬ್ಬರೇ. ಸುತ್ತ ನಿಂತವರೆಲ್ಲ ‘ಲೆಫ್ಟ್ ಲೆಫ್ಟ್’, ‘ಬಾ ಬಾ ಬಾ’ ಅನ್ನತೊಡಗಿದರೆ ಗಾಡಿ ನಿಲ್ಲಿಸಿ, ಅವರನ್ನು ಸುಮ್ಮನಾಗಿಸಿ, ಆಮೇಲೆ ಮುಂದುವರಿಯಿರಿ. ಕೈ ಸನ್ನೆ ಮೊದಲೇ ಮಾತಾಡಿಕೊಳ್ಳಿ: ಮುಷ್ಟಿ ಎತ್ತಿದರೆ ನಿಲ್ಲು, ಚಾಚಿದ ಕೈ ತೋರಿದ ಕಡೆಗೆ ಸ್ಟಿಯರಿಂಗ್, ಬೆರಳು ಮಡಚಿ ಕರೆದರೆ ಇಂಚಿಂಚಾಗಿ ಮುಂದೆ. ‘ನಿನ್ನ ಎಡ, ನನ್ನ ಎಡ’ ಗೊಂದಲ ಬೇಡವೆಂದೇ ಬಾಯಿಗಿಂತ ಕೈ ಮೇಲು. ಸ್ಪಾಟರ್ ಮರೆಯಾದ ಕ್ಷಣ ಬ್ರೇಕು. ಸ್ಪಾಟರ್ ಆದವರು ಗಾಡಿಯ ತಗ್ಗಿನ ಬದಿಯಲ್ಲಿ, ಅಥವಾ ಗಾಡಿಗೂ ಬಂಡೆಗೂ ನಡುವೆ, ಎಂದೂ ನಿಲ್ಲಬಾರದು.

ಬಂಡೆ

ಇಲ್ಲಿ ಸಹಜ ಬುದ್ಧಿ ಹೇಳುವುದಕ್ಕೆ ವಿರುದ್ಧವಾಗಿ ಮಾಡಬೇಕು. ಕಲ್ಲು ಕಂಡರೆ ಚಕ್ರಗಳ ನಡುವೆ ಬಿಟ್ಟು ದಾಟೋಣ ಅನ್ನಿಸುತ್ತದೆ. ಹೌಸಿಂಗ್‌ಗಿಂತ ಎತ್ತರದ ಕಲ್ಲನ್ನು ನಡುವೆ ಬಿಟ್ಟರೆ ಎಣ್ಣೆ ಸುರಿಯುವುದು ಖಂಡಿತ. ಎತ್ತರದ ಕಲ್ಲಿನ ಮೇಲೆ ಚಕ್ರವನ್ನೇ ಹತ್ತಿಸಿ. ಚಕ್ರ ಎದ್ದರೆ ಹೊಟ್ಟೆಯೂ ಜೊತೆಗೆ ಏಳುತ್ತದೆ.

ಮೊಣಕಾಲೆತ್ತರದ ಮೆಟ್ಟಿಲಿನಂಥ ಬಂಡೆ ಎದುರಿಗಿದೆ ಅಂದುಕೊಳ್ಳಿ. ಫೋರ್ ಲೋ, ಒಂದನೇ ಗೇರು, ಹಿಂದಿನ ಲಾಕು ಹಾಕಿದೆ. ಟೈರು ಕಲ್ಲಿಗೆ ತಾಗುವವರೆಗೆ ತೆವಳಿಸಿ, ಅಲ್ಲಿ ನಿಲ್ಲಿಸಿ. ಒಂದಡಿ ದೂರದಿಂದ ಓಡಿಬಂದು ಗುದ್ದಿದರೆ ರಿಮ್ಮು ಸೊಟ್ಟಗಾಗುತ್ತದೆ, ಟೈ ರಾಡು ಬಾಗುತ್ತದೆ. ಆಟೊಮ್ಯಾಟಿಕ್ ಆದರೆ ಎಡಗಾಲು ಬ್ರೇಕಿನ ಮೇಲೆ ಹಗುರವಾಗಿ ಇರಲಿ, ಬಲಗಾಲಿನಿಂದ ಇಂಜಿನ್ ಏರಿಸುತ್ತ ಬನ್ನಿ. ಗಾಡಿ ಒಮ್ಮೆ ಮೈ ಬಿಗಿದ ಹಾಗಾಗುತ್ತದೆ. ಈಗ ಬ್ರೇಕನ್ನು ನಿಧಾನಕ್ಕೆ ಬಿಡಿ. ಟೈರಿನ ಎದೆ ಕಲ್ಲಿಗೆ ಒತ್ತಿ, ತಗ್ಗಿ, ಅಂಚನ್ನು ಕಚ್ಚಿಕೊಂಡು ಮೇಲೇರುತ್ತದೆ. ನೆತ್ತಿಗೆ ಬಂದ ಕೂಡಲೇ ಮತ್ತೆ ಎಡಗಾಲು ಒತ್ತಿ. ಇಲ್ಲವಾದರೆ ಆಚೆ ಬದಿಗೆ ಧೊಪ್ಪನೆ ಬೀಳುತ್ತದೆ, ಮುರಿಯುವುದು ಆ ಬೀಳುವಿಕೆಯಲ್ಲಿ. ಮ್ಯಾನುವಲ್ ಗಾಡಿಯಲ್ಲಿ ಕ್ಲಚ್ಚಿನಿಂದ ಕಾಲು ಪೂರ್ತಿ ತೆಗೆದು, ಲೋ ಗೇರಿನ ತೆವಳುವ ವೇಗಕ್ಕೇ ಬಿಟ್ಟುಬಿಡಿ. ಬಂಡೆಯ ಮೇಲೆ ಹಾಫ್ ಕ್ಲಚ್ಚಿನಲ್ಲಿ ಆಟವಾಡಿದರೆ ಸುಟ್ಟ ವಾಸನೆ ಬರಲು ಹೆಚ್ಚು ಹೊತ್ತು ಬೇಡ.

ಹೆಬ್ಬೆರಳನ್ನು ಸ್ಟಿಯರಿಂಗಿನ ಒಳಕ್ಕೆ ಸುತ್ತಬೇಡಿ, ಅಂಚಿನ ಮೇಲೆ ಇಡಿ. ಚಕ್ರ ಕಲ್ಲಿಗೆ ತಾಗಿ ಸ್ಟಿಯರಿಂಗ್ ರಪ್ಪನೆ ತಿರುಗಿದರೆ ಅದರ ಕಡ್ಡಿ ಬೆರಳು ಮುರಿಯುತ್ತದೆ. ಗಾಳಿ ಇಳಿಸಿದ ಟೈರಿನ ಪಕ್ಕ ಉಬ್ಬಿಕೊಂಡಿರುತ್ತದೆ ಎಂಬುದೂ ನೆನಪಿರಲಿ. ಅಡಿಯಲ್ಲಿ ತೂತಾದರೆ ಪ್ಲಗ್ ಹಾಕಿ ಮುಚ್ಚಬಹುದು, ಪಕ್ಕ ಸೀಳಿದರೆ ಆ ಟೈರಿನ ಕಥೆ ಮುಗಿಯಿತು.

ಕೊರಕಲು, ಏರು, ಇಳಿಜಾರು

ಅಡ್ಡಲಾಗಿ ಬರುವ ಕೊರಕಲನ್ನು ನೇರ ದಾಟಲು ಹೋದರೆ ಬಂಪರು ಆಚೆ ದಡಕ್ಕೆ ಹೂತುಕೊಳ್ಳುತ್ತದೆ. ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಹೋಗಿ: ಒಂದು ಸಲಕ್ಕೆ ಒಂದು ಚಕ್ರ ಇಳಿಯುತ್ತದೆ, ಉಳಿದ ಮೂರು ಹಿಡಿದಿರುತ್ತವೆ. ಓರೆಯಲ್ಲಿ ಮೂಲೆಯ ಚಕ್ರ ಗಾಳಿಗೆ ಎದ್ದೇ ಏಳುತ್ತದೆ, ಆದ್ದರಿಂದ ಲಾಕು ಮೊದಲೇ ಹಾಕಿರಿ. ಉದ್ದಕ್ಕೆ ಕೊರೆದ ಆಳದ ಜಾಡಾದರೆ ಎರಡೂ ಚಕ್ರವನ್ನು ಅದರಲ್ಲಿ ಇಳಿಸದೆ, ನಡುವಿನ ದಿಂಡಿನ ಮೇಲೊಂದು, ಆಚೆ ಅಂಚಿನ ಮೇಲೊಂದು ಓಡಿಸಿ.

ಏರನ್ನು ಓರೆಯಾಗಿ ಹತ್ತಬೇಡಿ. ನೇರ ಹತ್ತಿದರೆ ಅತಿಯಾದದ್ದೆಂದರೆ ಹಿಂದಕ್ಕೆ ಬರುತ್ತೀರಿ. ಓರೆಯಲ್ಲಿ ಜಾರಿದರೆ ಉರುಳುತ್ತೀರಿ. ಸಡಿಲ ಮಣ್ಣಿಗೆ ಲೋ ಎರಡನೇ ಗೇರು, ಕಲ್ಲಿಗೆ ಒಂದನೆಯದು. ನಡುವೆ ಗೇರು ಬದಲಾಯಿಸುವ ಪ್ರಮೇಯ ಬರಬಾರದು. ನೆತ್ತಿ ಹತ್ತಿರವಾದಂತೆ ಕಾಲು ಸಡಿಲಿಸಿ, ಆಚೆ ಏನಿದೆಯೋ ಗೊತ್ತಿಲ್ಲ.

ಅರ್ಧ ಏರಿನಲ್ಲಿ ಇಂಜಿನ್ ಬಂದ್ ಆದಾಗ ಎಷ್ಟೋ ಗಾಡಿಗಳು ಪಲ್ಟಿ ಹೊಡೆಯುವುದು ಗಾಬರಿಯಲ್ಲಿ. ಕ್ರಮ ಹೀಗೆ. ಕಾಲಿನ ಬ್ರೇಕು ಗಟ್ಟಿ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಚಕ್ರಗಳು ನೇರ ಇವೆಯೇ ಅಂತ ಕಿಟಕಿಯಿಂದ ತಲೆ ಹಾಕಿ ನೋಡಿ. ಕ್ಲಚ್ ಒತ್ತಿ ಲೋ ರಿವರ್ಸ್ ಹಾಕಿ, ಕ್ಲಚ್ ಪೂರ್ತಿ ಬಿಡಿ. ಈಗ ಹ್ಯಾಂಡ್‌ಬ್ರೇಕ್ ಇಳಿಸಿ, ಕಾಲಿನ ಬ್ರೇಕನ್ನು ನಿಧಾನ ಸಡಿಲಿಸುತ್ತ ಗೇರಿನಲ್ಲಿರುವಾಗಲೇ ಚಾವಿ ತಿರುಗಿಸಿ. ಇಂಜಿನ್ ಹಿಡಿದುಕೊಂಡು ಅದರ ಹಿಡಿತದಲ್ಲೇ ಗಾಡಿ ಹಿಂದಕ್ಕೆ ಇಳಿಯುತ್ತದೆ. (ಕ್ಲಚ್ ಒತ್ತದೆ ಸ್ಟಾರ್ಟ್ ಆಗದ ಗಾಡಿಗಳಲ್ಲಿ ಬ್ರೇಕಿನ ಮೇಲೆ ನಿಂತೇ ಸ್ಟಾರ್ಟ್ ಮಾಡಿ, ಕ್ಲಚ್ ಬಿಟ್ಟು, ಆಮೇಲೆ ಬ್ರೇಕು ಬಿಡಿ. ಆಟೊಮ್ಯಾಟಿಕ್ಕಿನಲ್ಲಿ ಪಾರ್ಕ್, ಸ್ಟಾರ್ಟ್, ರಿವರ್ಸ್.) ಕ್ಲಚ್ ಒತ್ತಿಕೊಂಡು ಅಥವಾ ನ್ಯೂಟ್ರಲ್ಲಿನಲ್ಲಿ ಹಿಂದಕ್ಕೆ ಬಿಟ್ಟರೆ ಬರೀ ಬ್ರೇಕಿಗೆ ಗಾಡಿ ನಿಲ್ಲದು. ಅಲ್ಲೇ ತಿರುಗಿಸಿಕೊಳ್ಳುವ ಯೋಚನೆಯನ್ನಂತೂ ಮಾಡಲೇಬೇಡಿ.

ಇಳಿಯುವಾಗ ಲೋ ಒಂದನೇ ಗೇರು, ಕ್ಲಚ್ಚಿನಿಂದ ಕಾಲು ದೂರ. ಹಿಂಭಾಗ ಬದಿಗೆ ಜಾರಲು ಶುರುವಾದರೆ ಬ್ರೇಕು ಬಿಟ್ಟು ಸ್ವಲ್ಪ ಆಕ್ಸಿಲರೇಟರ್ ಕೊಡಿ. ಕೊಡಲು ಧೈರ್ಯ ಬರುವುದಿಲ್ಲ, ಆದರೆ ಚಕ್ರ ಮತ್ತೆ ಉರುಳತೊಡಗಿದರಷ್ಟೇ ಗಾಡಿ ನೇರವಾಗುವುದು.

ಅಡ್ಡ ಇಳಿಜಾರನ್ನು ತಪ್ಪಿಸಲು ಸುತ್ತುದಾರಿ ಇದ್ದರೆ ಸುತ್ತಿಕೊಂಡೇ ಹೋಗಿ. ಓರೆ ಅಳೆಯುವ ಮೀಟರಿನಲ್ಲಿ 20 ಡಿಗ್ರಿಗೆ ಗೆರೆ ಎಳೆದುಕೊಳ್ಳಿ. ಕಾರಣ ನೋಡಿ: ಎರಡು ಚಕ್ರಗಳ ನಡುವೆ 1.6 ಮೀಟರ್ ಇರುವ ಗಾಡಿಯ ಮೇಲಿನ ಬದಿಯ ಚಕ್ರ ಬರೀ 20 ಸೆಂ.ಮೀ. ಕಲ್ಲು ಹತ್ತಿದರೂ 7 ಡಿಗ್ರಿ ಕೂಡಿಕೊಳ್ಳುತ್ತದೆ. 18 ಇದ್ದದ್ದು ಕಣ್ಣು ಮಿಟುಕಿಸುವುದರೊಳಗೆ 25. ಗಾಡಿ ಜಾರತೊಡಗಿದರೆ ಸ್ಟಿಯರಿಂಗನ್ನು ತಗ್ಗಿನ ಕಡೆಗೆ ತಿರುಗಿಸಿ ಮೂತಿ ಕೆಳಮುಖ ಮಾಡಿ. ಮೇಲಕ್ಕೆ ತಿರುಗಿಸಿದರೆ ಉರುಳಿಸುವುದಕ್ಕೆ ನೀವೇ ಕೈಕೊಟ್ಟ ಹಾಗೆ.

ಕೆಸರು ಮತ್ತು ಮರಳು

ಎರಡಕ್ಕೂ ನಿಲ್ಲದ ಓಟ ಬೇಕು. ಕೆಸರಿಗೆ ಕೋಲು ಚುಚ್ಚಿ ನೋಡಿ: ಆಕ್ಸಲ್ ಎತ್ತರದೊಳಗೆ ಗಟ್ಟಿ ತಳ ಸಿಕ್ಕಿದರೆ ಲೋ ಎರಡು ಅಥವಾ ಮೂರರಲ್ಲಿ ಒಂದೇ ಹದದಲ್ಲಿ ದಾಟಿ. ವೇಗ ಕುಸಿಯುತ್ತಿದ್ದರೆ ಸ್ಟಿಯರಿಂಗನ್ನು ಎಡಕ್ಕೆ ಬಲಕ್ಕೆ ಕಾಲು ಸುತ್ತು ಆಡಿಸಿ, ಟೈರಿನ ಪಕ್ಕದ ಹಲ್ಲು ಹೊಸ ಮಣ್ಣು ಕಚ್ಚುತ್ತದೆ. ಮುಂದೆ ಸಾಗುವುದು ನಿಂತಿತೋ, ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಅಲ್ಲಿಂದ ಮುಂದೆ ಪ್ರತಿ ಸುತ್ತೂ ಗುಂಡಿ ತೋಡುವ ಕೆಲಸ. ಮರಳಿನಲ್ಲಿ ಬ್ರೇಕು ಒತ್ತಬೇಡಿ, ಚಕ್ರದ ಮುಂದೆ ದಿಬ್ಬ ಕಟ್ಟಿಕೊಳ್ಳುತ್ತದೆ. ತಾನಾಗಿ ನಿಲ್ಲಲು ಬಿಡಿ, ಆದಷ್ಟೂ ಇಳಿಜಾರಿಗೆ ಮೂತಿ ಇಟ್ಟು.

ನೀರು

ದೊಡ್ಡ ಗಾಡಿಗೆ ಭಾರ ಇದೆ, ತೇಲುವುದಿಲ್ಲ ಎಂಬ ನಂಬಿಕೆ ಜೀವ ತೆಗೆಯುತ್ತದೆ. ಗಾಡಿಯ ಅಡಿ 4.5 ಮೀಟರ್ ಉದ್ದ, 1.8 ಮೀಟರ್ ಅಗಲ ಅನ್ನಿ. ನೀರು ಒಳಗೆ ನುಗ್ಗದೆ ತಳಕ್ಕಿಂತ 10 ಸೆಂ.ಮೀ. ಮೇಲೇರಿದರೆ ಅದು ಸುಮಾರು 800 ಕೆ.ಜಿ. ಭಾರವನ್ನು ಎತ್ತಿಕೊಳ್ಳುತ್ತದೆ. 30 ಸೆಂ.ಮೀ. ಏರಿದರೆ 2400 ಕೆ.ಜಿ. 2800 ಕೆ.ಜಿ. ಗಾಡಿಯಾದರೆ ನಾಲ್ಕೂ ಚಕ್ರ ಸೇರಿ ಅವುಗಳ ಮೇಲೆ ಉಳಿಯುವುದು ಸುಮಾರು ನಾನೂರು ಕೆ.ಜಿ.; ಸೆಳವಿಗೆ ಅಷ್ಟು ಸಾಕು. ಮೊಣಕಾಲು ಮುಳುಗುವ ಹರಿಯುವ ನೀರಿನಲ್ಲಿ ನಿಮಗೆ ನಡೆಯಲು ಆಗದಿದ್ದರೆ ಗಾಡಿಯೂ ಇಳಿಯಬಾರದು.

ಕೈಯಲ್ಲಿ ಕೋಲು, ಸೊಂಟಕ್ಕೆ ಹಗ್ಗ ಕಟ್ಟಿ ನಡೆದು ಆಳ ನೋಡಿ, ಆಚೆ ದಡ ಹತ್ತಲು ಸಾಧ್ಯವೇ ಪರೀಕ್ಷಿಸಿ. ಮೊಸಳೆಯಂಥ ಅಪಾಯ ಇರುವ ಕಡೆ ನಡೆಯುವುದೂ ಬೇಡ, ದಾಟುವುದೂ ಬೇಡ. ಸ್ನಾರ್ಕಲ್ (ಇಂಜಿನ್ನಿಗೆ ಎತ್ತರದಿಂದ ಗಾಳಿ ತರುವ ಕೊಳವೆ) ಇಲ್ಲದ ಸಾದಾ ಗಾಡಿಗೆ ಚಕ್ರದ ಹಬ್ಬಿನ ಎತ್ತರ ನೆಮ್ಮದಿಯದ್ದು; ಅದಕ್ಕಿಂತ ಮೇಲೆ ಹೋಗುವ ಮೊದಲು ಗಾಳಿ ಎಳೆಯುವ ಬಾಯಿ ಎಲ್ಲಿದೆ ಅಂತ ಬಾನೆಟ್ ತೆಗೆದು ನೋಡಿ. ನೀರಿಗಿಳಿಯುವ ಮುಂಚೆ ಹತ್ತು ನಿಮಿಷ ನಿಲ್ಲಿ. ಕಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಗಾಳಿ ಆಡುವ ಸಣ್ಣ ಕೊಳವೆ) ಕಟ್ಟಿಕೊಂಡಿದ್ದರೆ ಆಯಿಲ್ ಸೀಲಿನ ಮೂಲಕ ನೀರನ್ನೇ ಹೀರಿಕೊಳ್ಳುತ್ತದೆ. ಮುಂಭಾಗಕ್ಕೆ ತಾಡಪಾಲು ಬಿಗಿದರೆ ಫ್ಯಾನಿಗೆ ನೀರು ಬಡಿಯುವುದು ಕಡಿಮೆ. ನೀರಿನಲ್ಲಿ ಫ್ಯಾನಿನ ರೆಕ್ಕೆ ಬಾಗಿ ರೇಡಿಯೇಟರನ್ನು ಕೊರೆಯುವುದುಂಟು.

ಲೋ ಎರಡನೇ ಗೇರು, ಜೋರು ನಡಿಗೆಯ ವೇಗ, ಕಿಟಕಿ ತೆರೆದಿರಲಿ. ಬಾನೆಟ್ಟಿನ ಮುಂದೆ ಒಂದು ಅಲೆ ಏಳುತ್ತದೆ, ಅದರ ಹಿಂದೆ ಇಂಜಿನ್ನಿನ ಜಾಗದಲ್ಲಿ ನೀರು ತಗ್ಗಿರುತ್ತದೆ. ಆ ಅಲೆಯನ್ನು ಹಿಂದಿಕ್ಕದೆ, ಬಿಟ್ಟು ಹಿಂದುಳಿಯದೆ, ಜೊತೆಗೇ ಹೋಗಿ. ನಡುವೆ ಕ್ಲಚ್ ಒತ್ತಬೇಡಿ, ಪ್ಲೇಟಿನ ನಡುವೆ ನೀರು ಸೇರುತ್ತದೆ.

ನಡುನೀರಿನಲ್ಲಿ ಇಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿಗೆ ನೀರು ಹೋಗಿದ್ದರೆ ಅದನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ, ಕನೆಕ್ಟಿಂಗ್ ರಾಡೇ ಬಾಗುತ್ತದೆ. ಎಳೆಸಿಕೊಂಡು ದಡಕ್ಕೆ ಬನ್ನಿ, ಏರ್ ಫಿಲ್ಟರ್ ತೆಗೆದು ನೋಡಿ. ಒದ್ದೆಯಾಗಿದ್ದರೆ ಪೆಟ್ರೋಲ್ ಇಂಜಿನ್ನಿನ ಸ್ಪಾರ್ಕ್ ಪ್ಲಗ್, ಡೀಸೆಲ್ಲಿನ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿದ ಮೇಲಷ್ಟೇ ಇಂಜಿನ್ ತಿರುಗಿಸಿ ನೀರು ಹೊರಹಾಕಬೇಕು.

ಸಿಕ್ಕಿಬಿದ್ದಾಗ

ಮೊದಲು ಸಲಿಕೆ. ಹತ್ತು ನಿಮಿಷ ಅಗೆಯಲು ಬೇಸರಪಟ್ಟು ಬೆಲ್ಟು ಬಿಚ್ಚುವವರೇ ಗಾಡಿ ಮುರಿದುಕೊಳ್ಳುವುದು. ಚಕ್ರದ ಮಟ್ಟಕ್ಕೆ ಹೂತ ಗಾಡಿ ತನ್ನ ಪೂರ್ತಿ ತೂಕದಷ್ಟು ಪ್ರತಿರೋಧ ಒಡ್ಡುತ್ತದೆ. ಮಡ್‌ಗಾರ್ಡ್‌ವರೆಗೆ ಮುಳುಗಿದರೆ ಎರಡು ಪಟ್ಟು. ಏರಿನಲ್ಲಿದ್ದರೆ ಇಳಿಜಾರಿನ ಭಾರ ಬೇರೆ: 30 ಡಿಗ್ರಿ ಏರಿನಲ್ಲಿ 3 ಟನ್ ಗಾಡಿಗೆ ಇನ್ನೂ ಒಂದೂವರೆ ಟನ್. ಚಕ್ರದ ಮುಂದಿನ ಮಣ್ಣು, ಆಕ್ಸಲ್ ಅಡಿಯ ಮಣ್ಣು ತೆಗೆದರೆ ಈ ಲೆಕ್ಕ ಅರ್ಧಕ್ಕೆ ಇಳಿಯುವುದುಂಟು. ಆಮೇಲೆ ಗಾಳಿ ಇನ್ನೂ 3–4 ಪಿಎಸ್‌ಐ ಇಳಿಸಿ, ಹಲಗೆಯನ್ನು ಟೈರಿನ ಅಡಿಗೆ ಒತ್ತಿ ತುರುಕಿ, ಚಕ್ರ ಸುತ್ತಿಸದೆ ಮೆಲ್ಲಗೆ ಹತ್ತಿಸಿ. ಹಲಗೆಯ ಮೇಲೆ ಚಕ್ರ ಗಿರಗಿರನೆ ತಿರುಗಿದರೆ ಅದರ ಹಲ್ಲು ಕರಗಿಹೋಗುತ್ತದೆ.

ಇನ್ನೊಂದು ಗಾಡಿಯಿಂದ ಎಳೆಸುವುದಾದರೆ ಬೆಲ್ಟಿನಲ್ಲಿ ಒಂದೆರಡು ಮೀಟರ್ ಸಡಿಲ ಬಿಟ್ಟು, ನಡಿಗೆಗಿಂತ ತುಸು ಜೋರಾಗಿ ಹೊರಡಲಿ. ಬೆಲ್ಟು ಹಿಗ್ಗಿ ಕುಗ್ಗುವಾಗ ಎಳೆತ ತಾನಾಗಿ ಬರುತ್ತದೆ, ಓಡಿಬಂದು ಜಗ್ಗುವುದು ಬೇಡ. ಮೊದಲ ಸಲ ಹಗುರ, ಆಗದಿದ್ದರೆ ತುಸು ಜಾಸ್ತಿ, ಮೂರನೆಯದೂ ಆಗದಿದ್ದರೆ ಮತ್ತೆ ಸಲಿಕೆ. ಶ್ಯಾಕಲ್ ಪಿನ್ನನ್ನು ಪೂರ್ತಿ ಬಿಗಿದು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ, ಇಲ್ಲದಿದ್ದರೆ ಭಾರಕ್ಕೆ ಕಚ್ಚಿಕೊಂಡು ಬಿಚ್ಚಲು ಬರುವುದಿಲ್ಲ. ಎರಡು ಬೆಲ್ಟನ್ನು ಶ್ಯಾಕಲ್ಲಿನಿಂದ ಜೋಡಿಸಬೇಡಿ. ಒಂದು ತುಂಡಾದರೆ ಆ ಕಬ್ಬಿಣ ಗುಂಡಿನ ಹಾಗೆ ಹಾರುತ್ತದೆ. ನೋಡುವವರೆಲ್ಲ ಬೆಲ್ಟಿನ ಒಂದೂವರೆ ಪಟ್ಟು ದೂರ, ಎಳೆಯುವ ಸಾಲಿನಿಂದ ಪಕ್ಕಕ್ಕೆ.

ವಿಂಚಿನ ಹಗ್ಗವನ್ನು ಮರಕ್ಕೆ ನೇರ ಸುತ್ತಬೇಡಿ, ಅಗಲ ಬೆಲ್ಟು ಹಾಕಿ ಬುಡದ ಹತ್ತಿರವೇ ಕಟ್ಟಿ. ಡ್ರಮ್ಮಿನಲ್ಲಿ ಉಕ್ಕಿನ ಹಗ್ಗವಾದರೆ 5 ಸುತ್ತು, ಸಿಂಥೆಟಿಕ್ ಆದರೆ 10 ಸುತ್ತು ಉಳಿದಿರಲಿ. ಹಗ್ಗದ ನಡುವೆ ದಪ್ಪ ಕಂಬಳಿಯೋ ಒದ್ದೆ ಚೀಲವೋ ಹೊದಿಸಿ. ಬಿಗಿಯಾದ ಹಗ್ಗವನ್ನು ದಾಟಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ವಿಂಚು ಏದುಸಿರು ಬಿಡುತ್ತಿದ್ದರೆ ಸ್ನ್ಯಾಚ್ ಬ್ಲಾಕ್ (ರಾಟೆ) ಹಾಕಿ ಹಗ್ಗವನ್ನು ಗಾಡಿಗೇ ಮರಳಿ ತನ್ನಿ: ಎಳೆತ ಹೆಚ್ಚುಕಡಿಮೆ ದುಪ್ಪಟ್ಟು, ವೇಗ ಅರ್ಧ.

ಟಾರು ರಸ್ತೆ ಮುಟ್ಟುವ ಮುಂಚೆ

ಲಾಕು ತೆಗೆಯಿರಿ, ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್ ಆದರೆ ಟೂ ವೀಲ್‌ಗೆ ಮರಳಿ. ಒಣ ಟಾರಿನಲ್ಲಿ ಫೋರ್ ಹೈನಲ್ಲಿ (ಹೈ ರೇಂಜಿನ ಫೋರ್ ವೀಲ್ ಡ್ರೈವ್) ಓಡಿಸಿದರೆ ಮುಂದಿನ, ಹಿಂದಿನ ಶಾಫ್ಟುಗಳು ಒಂದರ ವಿರುದ್ಧ ಒಂದು ತಿರುಚಿಕೊಳ್ಳುತ್ತವೆ. ಗಾಳಿ ತುಂಬಿಸುವಾಗಲೇ ಟೈರುಗಳ ಒಳಮೈಯನ್ನು ಟಾರ್ಚು ಹಾಕಿ ನೋಡಿ. ಸೀಳಿರುವುದು ಸಾಮಾನ್ಯವಾಗಿ ನಿಮಗೆ ಕಾಣದ ಆ ಬದಿಯಲ್ಲೇ. ವೀಲ್ ನಟ್ಟುಗಳಿಗೆಲ್ಲ ಪಾನಾ ಹಾಕಿ. ಟೈ ರಾಡ್ ನೇರ ಇದೆಯೇ, ಬ್ರೇಕ್ ಪೈಪು ಜಜ್ಜಿದೆಯೇ, ಶಾಕ್ ಅಬ್ಸಾರ್ಬರ್ ಎಣ್ಣೆ ಬಿಡುತ್ತಿದೆಯೇ ನೋಡಿ. ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿದ್ದರೆ ಕಿರ್ರೆನ್ನುತ್ತದೆ. ಹಿಂದಕ್ಕೂ ಮುಂದಕ್ಕೂ ಒಂದೆರಡು ಮೀಟರ್ ಆಡಿಸಿದರೆ ಬಹುಮಟ್ಟಿಗೆ ಉದುರುತ್ತದೆ. ರಿಮ್ಮಿನ ಒಳಗೆ ಒಣಗಿದ ಕೆಸರು ಉಳಿದರೆ 80ರ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ, ಅಲೈನ್‌ಮೆಂಟ್ ಹೋಯಿತು ಅಂದುಕೊಂಡು ಗ್ಯಾರೇಜಿಗೆ ಓಡಬೇಡಿ, ಮೊದಲು ತೊಳೆಯಿರಿ. ರೇಡಿಯೇಟರಿಗೆ ಹಿಂದಿನಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರು. ಜೋರಾಗಿ ಹೊಡೆದರೆ ಅದರ ತೆಳು ಪಟ್ಟಿಗಳು ಮಡಚಿಕೊಳ್ಳುತ್ತವೆ.

ನೀರು ದಾಟಿದ್ದರೆ ಮರುದಿನ, ಗಾಡಿ ರಾತ್ರಿಯೆಲ್ಲ ನಿಂತ ಮೇಲೆ, ಎರಡೂ ಡಿಫರೆನ್ಷಿಯಲ್‌ಗಳ ಡ್ರೈನ್ ನಟ್ಟನ್ನು ಒಂದಿಷ್ಟು ಸಡಿಲಿಸಿ. ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿದಿರುತ್ತದೆ. ಮೊದಲ ಹನಿಗಳು ನೀರಾಗಿ ಬಂದರೆ, ಅಥವಾ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಪೂರ್ತಿ ಸುರಿದು ಹೊಸದು ಹಾಕಿ, ಬ್ರೀದರ್ ಪೈಪು ಊದಿ ನೋಡಿ. ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟುಗಳಿಗೆ ಗ್ರೀಸ್ ಹೊಡೆಯುವಾಗ ಕೆಸರು ಬೆರೆತ ಹಳೆಯದು ಹೊರಬಂದು, ಶುದ್ಧ ಗ್ರೀಸ್ ಕಾಣುವವರೆಗೂ ಗನ್ ಒತ್ತುತ್ತಿರಿ.